ಗದ್ದಲಕ್ಕೆ ನಲವತ್ತು ಹೆಸರು

ಬೆಳಗಿನ ಏಳು ಗಂಟೆಗೆ ಸಂಘಪಾಲನ ಅಡುಗೆಮನೆಯಲ್ಲಿ ಇನ್ನೊಬ್ಬ ಗಂಡಸಿನ ದನಿ ಕೇಳುತ್ತಿತ್ತು.

ಅವನ ಹೆಂಡತಿ ಸುಮೇಧಾ ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿಟ್ಟು ಜೋಳದ ರೊಟ್ಟಿ ಬಡಿಯುತ್ತಿದ್ದಳು. ದನಿ ಆ ಫೋನಿನೊಳಗಿಂದ ಬರುತ್ತಿತ್ತು.

"ಮದುವಿ ಮನ್ಯಾಗ ಊಟ ಆದಮ್ಯಾಲ ಸ್ಟೀಲ್ ತಾಟು ಒಂದರ ಮ್ಯಾಲ ಒಂದು ಒಗೀತಾರಲ್ಲ, ಅದು ಕ್ಲ್ಯಾಟರ್. ಅದರಾಗಿಂದ ಒಂದೇ ತಾಟು ಫರ್ಶಿ ಕಲ್ಲಿನ ಮ್ಯಾಲ ಬಿದ್ದು ಠಣ್ ಅಂದ್ರ ಅದು ಕ್ಲ್ಯಾಂಗ್. ಹತ್ತು ತಾಟು, ಕ್ಲ್ಯಾಟರ್. ಒಂದು ತಾಟು, ಕ್ಲ್ಯಾಂಗ್. ಬರ್ಕೋರಿ."

ಹಿಂದೆಯೇ ನಿಜವಾದ ತಾಟೊಂದು ಬಿದ್ದ ಸದ್ದು, ಕ್ಲಾಸು ತುಂಬ ನಗು. ಸುಮೇಧಾಳೂ ನಕ್ಕಳು. ರೊಟ್ಟಿಯ ಮೇಲೆ ಅವಳ ಕೈ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಸಂಘಪಾಲ ಹೊರಗಿನ ಕೋಣೆಯಲ್ಲಿ ಚಹಾದ ಕಪ್ಪು ಹಿಡಿದು ಕೂತಿದ್ದ. ಆ ಎರಡು ಪದಗಳ ನಡುವಿನ ವ್ಯತ್ಯಾಸ ಕಂಡು ಬರೆದವನು ಅವನು. ಒಂದೇ ಲೋಹ, ಒಂದೇ ಹೊಡೆತ, ಕಿವಿಯಲ್ಲಿ ಉಳಿಯುವ ಗುಂಗು, ಅದು ಕ್ಲ್ಯಾಂಗ್. ಗಟ್ಟಿ ವಸ್ತುಗಳು ಹಲವು, ಹೊಡೆತ ಹಲವು, ಗುಂಗಿಲ್ಲ, ಅದು ಕ್ಲ್ಯಾಟರ್. ಇದೇ ಮಾತನ್ನು ಎರಡು ತಿಂಗಳ ಹಿಂದೆ ಇದೇ ಮನೆಯಲ್ಲಿ, ಇದೇ ಹೆಂಡತಿಗೆ, ಮೆತ್ತಗೆ ಬಿಡಿಸಿ ಹೇಳಿದ್ದ. ಅವಳು ಹ್ಞೂಂ ಅಂದು, ಹಾಲು ಉಕ್ಕಿತೇನೋ ಅಂತ ಎದ್ದು ಹೋಗಿದ್ದಳು. ಹಾಲು ಉಕ್ಕಿರಲಿಲ್ಲ.

ಅದು ಯಾರ ದನಿ ಅಂತ ಅವನು ಕೇಳಲಿಲ್ಲ. ಅವನಿಗೆ ಗೊತ್ತಿತ್ತು, ಕಪಿಲನದು.

ಗುರುನಾಥ ಸಾವ್ಕಾರರು ಎರಡು ಕೋಚಿಂಗ್ ನಡೆಸುತ್ತಿದ್ದರು. ಬಸವಕಲ್ಯಾಣದಲ್ಲಿ ತಮ್ಮದೇ ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಒಂದು, ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು. ಮಾಸ್ತರಿಕೆಗಾಗಿ ಟಿಇಟಿ ಬರೆಯುವವರೇ ಅಲ್ಲಿ ಹೆಚ್ಚು. ಕೊಹಿನೂರು ಹಳ್ಳಿಯ ಸಂಘಪಾಲ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವನು, ಕಲ್ಯಾಣದ ಪಾಠ ಅವನ ಪಾಲಿಗೆ. ನಿರ್ಣಾ ಊರಿನ ಕಪಿಲ ಬಿ.ಎ. ಮುಗಿಸಿ ಮೂರು ವರ್ಷ ಆಟೋಕ್ಕೆ ಮೈಕಿನ ಭೋಂಗಾ ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗಿ, ಸೀರೆ ಸೇಲು, ಕಣ್ಣಿನ ಶಿಬಿರ, ನಾಳೆ ಕರೆಂಟಿಲ್ಲ ಅಂತ ಸಾರಿದವನು. ಹುಮನಾಬಾದು ಅವನ ಪಾಲಿಗೆ. ಅವನ ಇಂಗ್ಲಿಷು ಅಷ್ಟಕ್ಕಷ್ಟೇ ಇದ್ದದ್ದರಿಂದ ಸಾವ್ಕಾರರು ಒಂದು ಕ್ರಮ ಹಾಕಿಕೊಟ್ಟಿದ್ದರು. ಪ್ರತಿ ಗುರುವಾರ ಸಂಘಪಾಲ ಇಪ್ಪತ್ತು ಪದಗಳ ಶೀಟೊಂದನ್ನು ಕೈಯಲ್ಲಿ ಬರೆಯಬೇಕು. ಲಾಲ್ ಅಹ್ಮದನ ಅಂಗಡಿಯಲ್ಲಿ ಅದು ಝೆರಾಕ್ಸ್ ಆಗಿ, ಒಂದು ಕಟ್ಟು ಬಸ್ಸಿನ ಕಂಡಕ್ಟರನ ಕೈಯಲ್ಲಿ ಹುಮನಾಬಾದಿಗೆ ಹೋಗಬೇಕು. ಫೋನಿನಲ್ಲಿ ಕಳಿಸುವ ಹಾಗಿಲ್ಲ, ಬೇರೆ ಕೋಚಿಂಗಿನವರು ಕದಿಯುತ್ತಾರೆ. ಕಪಿಲ ತನ್ನ ಪಾಠದ ದನಿಯನ್ನಷ್ಟೇ ಕ್ಲಾಸಿನವರ ಫೋನ್ ಗ್ರೂಪಿಗೆ ಹಾಕುತ್ತಿದ್ದ. ಶೀಟಿಲ್ಲದ ಬರೀ ದನಿ ಕದ್ದು ಯಾರೇನು ಮಾಡುತ್ತಾರೆ ಅಂತ ಸಾವ್ಕಾರರು ಸುಮ್ಮನಿದ್ದರು.

ಹೀಗೆ ಬರೆಯುವವನು ಸಂಘಪಾಲ, ಒದರುವವನು ಕಪಿಲ. ಕಲ್ಯಾಣದಲ್ಲಿ ಹನ್ನೊಂದು ಜನ ಉಳಿದಿದ್ದರು. ಹುಮನಾಬಾದಿನಲ್ಲಿ ಬೆಂಚು ಸಾಲದೆ ಜಮಖಾನೆ ಹಾಸಿದ್ದರು.

ಹನ್ನೊಂದು ಜನರ ಲೆಕ್ಕ ಸಂಘಪಾಲನಿಗೆ ಅಷ್ಟು ನೋವು ಕೊಟ್ಟಿರಲಿಲ್ಲ. ಅವನಿಗೆ ಬೇಕಾದದ್ದು ಒಂದೇ ಆಗಿತ್ತು, ಸುಮೇಧಾ ಇಂಗ್ಲಿಷನ್ನು ತನ್ನಿಂದ ಕಲಿಯಬೇಕು. ಅವಳು ಡಿ.ಎಡ್. ಮಾಡಿದವಳು. ಎರಡು ಸಲ ಟಿಇಟಿ ಬರೆದು ಎರಡೂ ಸಲ ಇಂಗ್ಲಿಷಿನ ದೆಸೆಯಿಂದಲೇ ಫೇಲಾಗಿದ್ದಳು. "ಮನ್ಯಾಗ ಇಂಗ್ಲಿಷ್ ಮಾಸ್ತರಗ ಇಟ್ಕೊಂಡು ಇಂಗ್ಲಿಷಿನ್ಯಾಗ ಹ್ಯಾಂಗ ಹೋಗ್ತದವಾ," ಅಂತ ಅವಳ ತಾಯಿ ಸುಂದರಬಾಯಿ ಅಳಿಯನ ಎದುರಿಗೇ ನಕ್ಕಿದ್ದಳು. ಮೂರನೆಯ ಸಲಕ್ಕೆ ಇನ್ನು ಮೂರು ವಾರವಿತ್ತು.

ಈ ಗದ್ದಲದ ಪದಗಳನ್ನಂತೂ ಅವನು ಯಾವ ಪುಸ್ತಕದಿಂದಲೂ ಎತ್ತಿದವನಲ್ಲ. ಕೊಹಿನೂರಿನಲ್ಲಿ ಅವರ ಮನೆ ಹಿಟ್ಟಿನ ಗಿರಣಿಯ ಹಿಂದೆ. ಹಗಲೆಲ್ಲ ಗೋಡೆ ನಡುಗುತ್ತಿತ್ತು, ಮನೆಯವರು ಒಬ್ಬರಿಗೊಬ್ಬರು ಕೂಗಿಯೇ ಮಾತಾಡುತ್ತಿದ್ದರು, ಮಾತಾಡದವನು ಸಂಘಪಾಲ ಒಬ್ಬನೇ. ಕಾಲೇಜಿಗೆ ಹೋದ ಮೇಲೆ ಇಂಗ್ಲಿಷಿನವರು ಒಂದೊಂದು ಸದ್ದಿಗೆ ಒಂದೊಂದು ಹೆಸರು ಇಟ್ಟಿದ್ದಾರೆ ಅಂತ ತಿಳಿದು ಅವನಿಗೆ ಆಶ್ಚರ್ಯವಾಗಿತ್ತು. ನಿಲ್ಲದೆ ಮೊಳಗುವ ಗಿರಣಿಯದು ಡಿನ್. ಹಿಟ್ಟಿಗೆ ಸಾಲು ನಿಂತ ಹೆಂಗಸರ ಗುಜುಗುಜು ಹಬಬ್. ನನ್ನದು ಮೊದಲು, ನನ್ನದು ಮೊದಲು ಅಂತ ಅವರೇ ಏರುದನಿಯಲ್ಲಿ ಕೇಳತೊಡಗಿದರೆ ಕ್ಲಾಮರ್. ಹೆಸರು ಸಿಕ್ಕ ಸದ್ದು ಅವನನ್ನು ಅಷ್ಟು ಕಾಡುತ್ತಿರಲಿಲ್ಲ. ಹತ್ತು ವರ್ಷದಲ್ಲಿ ಅಂಥ ಮೂವತ್ತೊಂಬತ್ತು ಹೆಸರು ಕೂಡಿಸಿ, ನಲವತ್ತನೆಯದಾಗಿ ಲಲ್ ಅನ್ನುವ ಪದ ಇಟ್ಟಿದ್ದ. ಗದ್ದಲದ ನಡುವೆ ಅದು ಒಂದಿಷ್ಟು ಹೊತ್ತು ನಿಲ್ಲುವುದಕ್ಕೆ ಆ ಹೆಸರು. ಗಿರಣಿಯ ಬೆಲ್ಟು ಬಿಚ್ಚಿ ಇನ್ನೊಂದು ಹಾಕುವವರೆಗಿನ ಹೊತ್ತು. ಅವನ ಬಾಲ್ಯದಲ್ಲಿ ಸುಖವೆಂಬುದು ಇದ್ದರೆ ಆ ಹೊತ್ತಿನಲ್ಲಿ ಇತ್ತು.

ಅದೆಲ್ಲ ಈಗ ಹಿಟ್ಟಿನ ಡಬ್ಬಿಯ ಪಕ್ಕದಿಂದ ಕಪಿಲನ ಬಾಯಲ್ಲಿ ಬರುತ್ತಿತ್ತು.

"ಅದು ನಿನಗ ಯಾರು ಕಳಿಸ್ಯಾರ?" ಅಂತ ರೊಟ್ಟಿ ತಿನ್ನುವಾಗ ಕೇಳಿದ.

"ನನ್ನ ಗೆಳತಿ ಸುಜಾತಾ. ಹುಮನಾಬಾದಿನಾಕಿ."

"ಶೀಟ್ ನಂದೇ ಅದಲ್ಲ. ನನ್ನ ಕೇಳಿದ್ರ ನಾ ಹೇಳ್ತಿದ್ದೆ."

"ನೀವು ಹೇಳೀರಲ್ರಿ," ಅಂದಳು ಸುಮೇಧಾ, ಪಲ್ಯ ಬಡಿಸುತ್ತ. "ಹೇಳಿ ಆಗ್ಯದ."

ಮುಂದಿನ ಭಾನುವಾರ ಅವಳು ಎಂದಿನಂತೆ ತಾಯಿಯನ್ನು ನೋಡಿ ಬರುತ್ತೇನೆಂದು ಹುಮನಾಬಾದಿನ ಬಸ್ಸು ಹತ್ತಿದಳು. ನಾಲ್ಕು ವಾರದಿಂದ ಹಾಗೆ ಹೋಗುತ್ತಿದ್ದಳು. ಅರ್ಧ ತಾಸು ಬಿಟ್ಟು ಸಂಘಪಾಲನೂ ಅದರ ಹಿಂದೆ ಬಂದ ಬಸ್ಸು ಹತ್ತಿದ. ಹೆಂಡತಿಯ ಮೇಲೆ ಅವನಿಗೆ ಯಾವ ಅನುಮಾನವೂ ಇರಲಿಲ್ಲ. ಕಪಿಲನ ಭಾನುವಾರದ ಪಾಠವನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಅದರಲ್ಲಿ ಏನೂ ಇಲ್ಲ, ಬರೀ ತಮಾಷೆ ಅಂತ ಖಾತ್ರಿ ಮಾಡಿಕೊಳ್ಳಬೇಕಿತ್ತು. ಬಸ್ಸು ಬಂಗ್ಲಾ ಕ್ರಾಸು ದಾಟಿ ಹೈವೇ ಹಿಡಿಯುವಷ್ಟರಲ್ಲಿ ಆ ಖಾತ್ರಿ ಅವನಿಗೆ ಆಗಿಯೇ ಹೋಗಿತ್ತು.

ಕೋಚಿಂಗಿನ ಮೆಟ್ಟಿಲ ಮೇಲೆ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ಅವನು ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿ ನಿಂತ. ತೆರೆದ ಬಾಗಿಲಿನಿಂದ ಬೋರ್ಡು, ಕಪಿಲ, ಮುಂದಿನ ಎರಡು ಸಾಲು ಕಾಣುತ್ತಿದ್ದವು.

ಕಪಿಲ ನಾಲ್ಕು ಜನರನ್ನು ಮುಂದೆ ನಿಲ್ಲಿಸಿಕೊಂಡಿದ್ದ. "ನೀ ಕನ್ನಡದಾಗ ಬೈ. ನೀ ಮರಾಠಿ. ನೀ ನಿಮ್ಮ ಮನಿ ಮಾತಿನ್ಯಾಗ, ಸೈಫುದ್ದೀನ್. ತಾಯಿ, ನೀವು ತೆಲುಗು. ಬಸ್ಸಿನ್ಯಾಗ ಸೀಟ್ ಹಿಡಿದು ಟವೆಲ್ ಹಾಕಿದ್ರಿ, ಯಾರೋ ತಗದು ಕುಂತಾರ. ಎಲ್ಲಾರೂ ಒಮ್ಮೆಗೇ. ಹ್ಞೂಂ."

ನಾಲ್ಕು ಭಾಷೆ ಒಟ್ಟಿಗೆ ಎದ್ದವು. ಕಪಿಲ ಕಿವಿ ಮುಚ್ಚಿಕೊಂಡು ಬೋರ್ಡಿನ ಮೇಲೆ ಕಕಾಫನಿ ಅಂತ ಬರೆದ. "ಒಂದೊಂದೇ ಕೇಳಿದ್ರ ಮಾತು. ಕೂಡಿಸಿ ಕೇಳಿದ್ರ ಇದು. ಪರೀಕ್ಷಾದಾಗ ಈ ಪದ ಬಂತಂದ್ರ ಸೈಫುದ್ದೀನ್ ಬೈದದ್ದು ನೆನಪು ಮಾಡ್ಕೋರಿ. ಬರೀಬ್ಯಾಡ್ರಿ ಮತ್ತ."

ತಮಾಷೆಯೇ ಆಗಿತ್ತು. ಆದರೆ ಸರಿಯಾಗಿತ್ತು. ಶೀಟಿನಲ್ಲಿ ಸಂಘಪಾಲ ಎರಡು ಸಾಲು ಬರೆದು ಹೇಳಲು ಹೆಣಗಿದ್ದು ಅದನ್ನೇ.

"ಈಗ ಸ್ಕ್ರೀಚ್," ಅಂದ ಕಪಿಲ. "ಕಿವ್ಯಾಗ ಸೂಜಿ ಹೆಟ್ಟಿದಂಗ ಇರ್ಬೇಕು. ಯಾರು ಮಾಡ್ತೀರಿ? ವೈನಿ, ನೀವೇ ಮಾಡ್ಬೇಕು. ಹೋದ ವಾರ ನಾಚ್ಕೊಂಡು ತಪ್ಪಿಸ್ಕೊಂಡ್ರಿ."

ಎರಡನೆಯ ಸಾಲಿನಿಂದ ಸುಮೇಧಾ ಎದ್ದು ನಿಂತಳು.

ಸಂಘಪಾಲನನ್ನು ಅಣ್ಣ ಅನ್ನುವ ಕಪಿಲನಿಗೆ ಅವಳು ವೈನಿ, ಅತ್ತಿಗೆ. ಅವಳು ಸೆರಗು ಸರಿ ಮಾಡಿಕೊಂಡಳು, ಅತ್ತಿತ್ತ ನೋಡಿದಳು, ಕಣ್ಣು ಮುಚ್ಚಿ, ಇಳಿಜಾರಿನಲ್ಲಿ ಹಳೆಯ ಬಸ್ಸು ಬ್ರೇಕು ಹಾಕಿದಂಥ ಒಂದು ದನಿ ತೆಗೆದಳು. ಅದು ಏರಿತು, ಸೀಳಿತು, ಮೆಟ್ಟಿಲವರೆಗೂ ಬಂದು ಅವನ ಹಲ್ಲಿನಲ್ಲಿ ಕೂತಿತು. ಕ್ಲಾಸು ಚಪ್ಪಾಳೆ ಹೊಡೆಯಿತು. ಅವಳು ಕೆಂಪಾಗಿ ನಗುತ್ತ ಕೂತಳು. ಆರು ವರ್ಷದ ಸಂಸಾರದಲ್ಲಿ ಅವಳ ದನಿ ಪಕ್ಕದ ಕೋಣೆಗೆ ಕೇಳಿದ್ದಿಲ್ಲ. ಒಳ್ಳೆಯ ಹೆಂಗಸು, ತನ್ನ ಹಾಗೆಯೇ ಮೌನದವಳು ಅಂತ ಅವನು ತಿಳಿದಿದ್ದ.

ಅವನು ಚಪ್ಪಲಿ ಹುಡುಕಿಕೊಂಡು ಇಳಿದ. ಸಂಜೆ ಅವಳು ಬಂದಾಗ, "ಅತ್ತಿ ಹ್ಯಾಂಗ ಅದಾರ?" ಅಂತ ಕೇಳಿದ. "ಆರಾಮ ಅದಾರ," ಅಂದಳು. ಮುಂದಿನ ಮೂರು ದಿನ ಆ ಒಂದು ದನಿಯೇ ಅವನ ತಲೆಯಲ್ಲಿ ತಿರುಗಿತು. ಅವಳು ಹೇಳದೆ ಹೋದದ್ದು ಅಷ್ಟು ಉರಿಸಲಿಲ್ಲ. ಆ ದನಿ ಅವಳೊಳಗೆ ಇದೆ ಅಂತ ಕಪಿಲನಿಗೆ ತನಗಿಂತ ಮೊದಲು ಗೊತ್ತಾಗಿತ್ತು. ಅದು ಉರಿಸಿತು.

ಗುರುವಾರ ಅವನು ಗದ್ದಲದ ಎರಡನೆಯ ಶೀಟು ಬರೆದ. ಇಪ್ಪತ್ತು ಪದ, ಎಂದಿನ ದುಂಡು ಅಕ್ಷರ. ಆಮೇಲೆ ಇನ್ನೊಂದು ಹಾಳೆ ತೆಗೆದುಕೊಂಡು ಅದನ್ನೇ ಇನ್ನೊಮ್ಮೆ ಬರೆದ. ಹತ್ತೊಂಬತ್ತು ಪದ ಅವೇ. ಕೊನೆಯದರ ಅರ್ಥ ಮಾತ್ರ ಬೇರೆ. ಲಲ್ ಅಂತ ಬರೆದು, ಅದರ ಮುಂದೆ, ಜಗಳದಲ್ಲಿ ಒಮ್ಮೆಲೇ ಭುಗಿಲೇಳುವ ಭಾರಿ ಗದ್ದಲ, ಅಂತ ಬರೆದ.

ಲಾಲ್ ಅಹ್ಮದ್ ಎರಡೂ ಹಾಳೆ ಬೆಳಕಿಗೆ ಹಿಡಿದು ನೋಡಿದ. "ಎರಡ್ಯಾಕ ಮಾಸ್ಟರ್ ಸಾಬ್? ಹರ್ ಹಫ್ತಾ ಒಂದೇ ಇರ್ತದಲ್ಲ."

"ಇದು ಕಲ್ಯಾಣಕ್ಕ. ಇದು ಹುಮನಾಬಾದಿಗಿ."

"ಫರಕ್ ಏನದ?"

"ಏನಿಲ್ಲ."

"ಏನಿಲ್ಲಂದ್ರ ನನ್ನ ತಲಿ ಯಾಕ ತಿಂತೀರಿ," ಅಂತ ಗೊಣಗುತ್ತ ಅವನು ಮಷಿನ್ನಿನ ಮುಚ್ಚಳ ಎತ್ತಿದ.

ಸಂಘಪಾಲನ ಲೆಕ್ಕ ಹೀಗಿತ್ತು. ಮುಂದಿನ ವಾರ ಎರಡೂ ಊರಿಗೆ ಒಂದೇ ಟೆಸ್ಟು, ಪ್ರಶ್ನೆ ತೆಗೆಯುವವನು ತಾನು. ಹುಮನಾಬಾದಿನ ಅಷ್ಟೂ ಜನ ಆ ಒಂದು ಪದಕ್ಕೆ ಮುಗ್ಗರಿಸುತ್ತಾರೆ. ಯಾಕೆ ಅಂತ ಸಾವ್ಕಾರರು ಕೇಳಿದರೆ ಕಪಿಲನ ಹತ್ತಿರ ಉತ್ತರ ಇರುವುದಿಲ್ಲ, ಇರಲು ಇಂಗ್ಲಿಷು ಬೇಕು. ಸುಮೇಧಾ ಹಿಟ್ಟಿನ ಕೈ ತೊಳೆದುಕೊಂಡು ಬಂದು, ಇದರ ಅರ್ಥ ಖರೆ ಏನ್ರೀ ಅಂತ ಕೇಳುತ್ತಾಳೆ. ಆಗ ತಾನು ಹೇಳುತ್ತೇನೆ, ಪರೀಕ್ಷೆಗೆ ಮೊದಲೇ ಎಲ್ಲ ಸರಿಹೋಗುತ್ತದೆ. ಆ ಪ್ರಶ್ನೆಯ ದನಿಯನ್ನೇ ಅವನು ಮೂರು ದಿನ ಮನಸ್ಸಿನಲ್ಲಿ ಕೇಳಿಸಿಕೊಂಡ. ತಪ್ಪು ಶೀಟು ತನ್ನದೇ ದುಂಡು ಅಕ್ಷರದಲ್ಲಿ ಮೂವತ್ತೈದು ಜನರ ಕೈಯಲ್ಲಿ ಇರುತ್ತದೆ ಅನ್ನುವುದು ಮಾತ್ರ ಅವನಿಗೆ ಹೊಳೆಯಲೇ ಇಲ್ಲ.

ಭಾನುವಾರ ಸಂಜೆ ಸುಮೇಧಾ ಬಂದವಳು ಚೀಲ ಕೆಳಗಿಡದೆ ಅವನೆದುರು ಕುರ್ಚಿ ಎಳೆದು ಕೂತಳು.

"ನಾ ಅವ್ವನ ಮನಿಗಿ ಹೋಗಿದ್ದಿಲ್ಲ," ಅಂದಳು. "ಐದು ವಾರದಿಂದ ಕಪಿಲ ಸರ್ ಕ್ಲಾಸಿಗಿ ಹೋಗಾಕತ್ತೇನಿ. ನಿಮಗ ಕೆಟ್ಟ ಅನಸ್ತದಂತ ಹೇಳಿದ್ದಿಲ್ಲ."

"ಮತ್ತ ಈಗ ಯಾಕ ಹೇಳಾಕತ್ತಿ?"

"ಇವತ್ತು ಅಲ್ಲಿ ಜಗಳ ಮಾಡಿ ಬಂದೀನಿ. ಯಾರಾದ್ರೂ ಬಂದು ಹೇಳಾದ್ರಾಗ ನಾನೇ ಹೇಳ್ಬೇಕಲ್ಲ."

ಅವಳು ಚೀಲದಿಂದ ಶೀಟು ತೆಗೆದು ತೊಡೆಯ ಮೇಲೆ ಹರವಿಕೊಂಡಳು. ಬೆರಳು ಕೊನೆಯ ಸಾಲಿಗೆ ಹೋಯಿತು.

"ಈ ಪದ ಬಂದಾಗ ಕಪಿಲ ಸರ್ ತಡವರಿಸಿದ್ರು. ಫೋನ್ ನೋಡಿದ್ರು. ಇದಕ್ಕ ಅರ್ಥ ಉಲ್ಟಾ ಅದ, ಶಾಂತಿ ಅಂತ ಆಗ್ತದ, ಅಣ್ಣ ಕೈತಪ್ಪಿ ಬರ್ದಾನ, ತಿದ್ಕೋರಿ ಅಂದ್ರು. ಹಿಂದ ಒಬ್ಬಾವ ನಕ್ಕ. ಎಂ.ಎ. ಮಾಡಿದವ್ರಿಗೂ ಕೈ ತಪ್ತದೇನ್ರಿ ಸರ್ ಅಂದ. ನಾ ಎದ್ದು ನಿಂತೆ."

"ನಿಂತು?"

"ನಮ್ಮವ್ರು ಬರ್ದದ್ದು ತಪ್ಪಾಗಂಗಿಲ್ಲ ಅಂದೆ. ಒಂದು ಪದಕ್ಕ ಎಂಟೆಂಟು ದಿನ ಕೂಡ್ತಾರ, ನಾ ಕಣ್ಣಾರೆ ನೋಡೀನಿ, ನಿಮ್ಮ ಫೋನಿನ್ಯಾಗ ಅರ್ಧಮರ್ಧ ಇರ್ತದ ಅಂದೆ. ಜೋರಿಲೆ ಅಂದೆ ಮತ್ತ. ಆ ಹುಡುಗಗ, ನೀ ಎಷ್ಟು ಓದೀಪಾ, ನಿಲ್ಲು ನೋಡೋಣು, ಅಂದೆ. ಕ್ಲಾಸೆಲ್ಲ ಗಪ್ ಆಯ್ತು." ಅವಳ ಮುಖ ಈಗಲೂ ಬಿಸಿಯಾಗಿತ್ತು. "ಕಪಿಲ ಸರ್ ಬೋರ್ಡ್ ಅಳಿಸಿ, ವೈನಿ ಹೇಳೋದು ಖರೆ, ಅಣ್ಣನ ಶೀಟಿಗಿಂತ ನನ್ನ ಫೋನ್ ದೊಡ್ಡದಲ್ಲ ಅಂತ ನೀವು ಬರ್ದಂಗೇ ಹೇಳಿಕೊಟ್ರು. ಎಲ್ಲಾರೂ ಹಂಗೇ ಬರ್ಕೊಂಡಾರ. ನಾನೂ ಬರ್ಕೊಂಡೀನಿ. ಸರಿ ಅದ ಅಲ್ರೀ?"

ಸಂಘಪಾಲ ಶೀಟನ್ನು ನೋಡಿದ. ಅವನಿಗೆ ಬೇಕಾದದ್ದು ಅವಳ ಈ ನಂಬಿಕೆಯೇ ಆಗಿತ್ತು, ಅದು ಮೊದಲಿನಿಂದಲೂ ಅವನ ಹತ್ತಿರವೇ ಇತ್ತು. ಅವಳು ಕಲಿಯಲು ಕಪಿಲನ ಹತ್ತಿರ ಹೋಗಿದ್ದಳು, ನಂಬಲು ಹೋಗಿರಲಿಲ್ಲ. ಕೈತಪ್ಪಿತು ಅನ್ನುವ ಮಾತು ಅವನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಕಪಿಲನೇ ಆ ನೆಪ ಹುಡುಕಿ ಕೊಟ್ಟಿದ್ದ. ಅದಕ್ಕೇ ಅವನಿಗೆ ಅದನ್ನು ಬಾಯಿಗೆ ತರಲಾಗಲಿಲ್ಲ.

"ತಪ್ಪು ಅದ," ಅಂದ.

"ಅಂದ್ರ ಕೈತಪ್ಪಿ..."

"ಕೈತಪ್ಪಿ ಅಲ್ಲ."

ಅವನು ಎದ್ದು ಕಪಾಟಿನಿಂದ ಕಲ್ಯಾಣದ ಶೀಟು ತಂದು ಅವಳ ತೊಡೆಯ ಮೇಲಿನ ಶೀಟಿನ ಪಕ್ಕ ಇಟ್ಟ. ಸುಮೇಧಾ ಎರಡನ್ನೂ ಓದಿದಳು. ಒಂದೇ ಅಕ್ಷರ, ಕೊನೆಯ ಸಾಲು ಮಾತ್ರ ಬೇರೆ. ಅವಳು ಮತ್ತೊಮ್ಮೆ ಓದಿದಳು. ಹೊರಗೆ ಯಾರದೋ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಯಿತು.

"ಹುಮನಾಬಾದಿಗಷ್ಟೇ," ಅಂದಳು.

"ಹ್ಞೂಂ."

"ನಾ ಅಲ್ಲಿ ಇರ್ತೀನಂತ ಗೊತ್ತಿತ್ತೇನು?"

"ಹೋದ ವಾರ ಬಂದಿದ್ದೆ. ಮೆಟ್ಲ ಮ್ಯಾಲ ನಿಂತಿದ್ದೆ. ನೀ ಬಸ್ಸಿನ ಬ್ರೇಕ್ ಸಪ್ಪಳ ಮಾಡ್ದಿ."

"ಒಳಗ ಯಾಕ ಬರ್ಲಿಲ್ಲ?"

"ನಿನಗ ಅಂಥಾ ದನಿ ಅದ ಅಂತ ನನಗ ಗೊತ್ತಿದ್ದಿಲ್ಲ. ಅವನಿಗಿ ಗೊತ್ತಿತ್ತು."

"ಅವರು ಒದರ್ರಿ ಅಂದ್ರು, ಒದರಿದೆ," ಅಂದಳು ಸುಮೇಧಾ. "ನೀವು ಯಾವತ್ತಾದ್ರೂ ಅಂದೀರೇನು? ನೀವು ಒಂದು ಪದ ಹೇಳ್ತೀರಿ. ನನಗ ತಿಳೀಲಿಲ್ಲಂದ್ರ ಬಾಯಿ ಮುಚ್ಕೊಂಡು ಕೂಡ್ತೀರಿ. ನೀವು ಹಂಗ ಕೂತಾಗ ನನಗ ಎಷ್ಟು ಹೆದ್ರಿಕಿ ಆಗ್ತದ, ಗೊತ್ತದೇನು? ಪುಸ್ತಕ ತಗದು ಓಡಿ ಹೋಗ್ಬೇಕು ಅನಸ್ತದ."

ಅವನು ಸುಮ್ಮನೆ ಕೂತಿದ್ದ. ಹಾಗೆ ಕೂತಿದ್ದು ಅವಳ ಮಾತಿಗೇ ಸಾಕ್ಷಿಯಾಗುತ್ತಿದೆ ಅಂತ ಅರಿವಾದಾಗ, "ಗೊತ್ತಿದ್ದಿಲ್ಲ," ಅಂದ.

"ಫೋನ್ ಹಚ್ರಿ ಅವರಿಗಿ. ನನ್ನ ಮುಂದೇ ಹಚ್ರಿ."

ಕಪಿಲ ಎರಡನೆಯ ರಿಂಗಿಗೇ ಎತ್ತಿದ. ಹಿಂದೆ ಬಸ್‌ಸ್ಟ್ಯಾಂಡಿನ ಕೂಗಾಟವಿತ್ತು. ಸಂಘಪಾಲ ಹೇಳಬೇಕಾದದ್ದನ್ನು ಎರಡು ವಾಕ್ಯದಲ್ಲಿ ಹೇಳಿದ, ಪದ ತಪ್ಪಿದೆ, ಬೇಕಂತಲೇ ತಪ್ಪು ಬರೆದೆ.

"ನನ್ನ ಮ್ಯಾಲ ಸಿಟ್ಟಿತ್ತೇನಣ್ಣಾ?"

"ಸಿಟ್ಟಲ್ಲ."

"ಮತ್ತ?"

ನಲವತ್ತು ಪದ ಬರೆದವನಿಗೆ ಆ ಒಂದು ಪದ ಬರಲಿಲ್ಲ.

"ಇರ್ಲಿ ಬಿಡ್ರಿ," ಅಂದ ಕಪಿಲ. "ನಾಳಿ ತಿದ್ದಸ್ತೀನಿ. ಮಂದಿಗಿ ಕೈತಪ್ಪಿತ್ತು ಅಂತನೇ ಹೇಳ್ತೀನಿ. ವೈನಿ ಅಷ್ಟು ಮಂದ್ಯಾಗ ನಿಂತು ಮಾತಾಡ್ಯಾರ, ಅವರು ಸಣ್ಣಾಗಬಾರದು." ಆಮೇಲೆ ನಕ್ಕ. "ಖರೆ ಹೇಳ್ಲೇನಣ್ಣಾ, ನಿಮ್ಮ ಶೀಟ್ ಬಂದಾಗೊಮ್ಮೆ ನನಗ ಹೊಟ್ಟಿ ಉರೀತದ. ಹಿಂಥಾದ್ದು ನನಗ ಯಾವತ್ತೂ ಬರ್ಯಾಕ ಬರಂಗಿಲ್ಲ. ನಾ ಬರೀ ಒದರಾವ."

ಫೋನು ಇಟ್ಟ ಮೇಲೂ ಆ ನಗು ಸಂಘಪಾಲನ ಕಿವಿಯಲ್ಲಿತ್ತು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ತಾನು ಎರಡು ವಾರ ಒಳಗೇ ಇಟ್ಟುಕೊಂಡು ಬೆಂದದ್ದನ್ನು ಅವನು ಬಸ್‌ಸ್ಟ್ಯಾಂಡಿನಲ್ಲಿ ನಿಂತು, ನಗುತ್ತ, ಒಂದೇ ಉಸಿರಿಗೆ ಹೇಳಿಬಿಟ್ಟಿದ್ದ. ಅದಕ್ಕೂ ಇವನ ಹೊಟ್ಟೆ ಉರಿಯಿತು.

ಸುಮೇಧಾ ಒಳಗೆ ಹೋಗಿ ಮುಖ ತೊಳೆದು ಬಂದಳು. ಅಳಲಿಲ್ಲ, ಬೈಯಲೂ ಇಲ್ಲ. ಕಪಾಟಿನ ಮುಂದೆ ನಿಂತು ಮೇಲಿನ ಸಾಲಿನಲ್ಲಿ ಕೈಯಾಡಿಸಿ, ಅವನು ಎಂ.ಎ. ಓದುವಾಗ ಕಲಬುರಗಿಯಲ್ಲಿ ಕೊಂಡ ದಪ್ಪ ಡಿಕ್ಷನರಿ ಇಳಿಸಿದಳು. ಅದನ್ನು ಅವಳು ಎಂದೂ ಮುಟ್ಟಿದವಳಲ್ಲ. ಸೆರಗಿನಿಂದ ಧೂಳು ಒರೆಸಿ, ಕುರ್ಚಿಯನ್ನು ಅವನೆದುರಿಗೆ ಎಳೆದು ಕೂತಳು.

"ಪರೀಕ್ಷಾಕ್ಕ ಇನ್ನು ಎಂಟು ದಿನ ಅದ," ಅಂದಳು. "ಮೊದಲ್ನೇದರಿಂದ ಹೇಳ್ರಿ. ಜೋರಿಲೆ ಹೇಳ್ರಿ."

"ಡಿನ್," ಅಂದ ಸಂಘಪಾಲ. ಅರ್ಥ ಹೇಳಿದ. ಗಿರಣಿಯ ಸದ್ದು ಮಾಡಿ ತೋರಿಸಲು ನೋಡಿದ, ಕೆಮ್ಮು ಬಂತು. ಅವಳು ನಗಲಿಲ್ಲ. ತುಟಿಯಲ್ಲೇ ಎ, ಬಿ, ಸಿ, ಡಿ ಎಣಿಸುತ್ತ ಹಾಳೆ ತಿರುವಿ, ಪದ ಹುಡುಕಿ, ಬೆರಳಿಟ್ಟು ಓದಿದಳು.

"ಸರಿ ಅದ. ಮುಂದಿಂದು."

"ಹಬಬ್."

ಮತ್ತೆ ಹಾಳೆಗಳು ತಿರುಗಿದವು. ಅವಳು ನಿಧಾನವಾಗಿ ಓದುತ್ತಿದ್ದಳು, ಪೂರ್ತಿ ಓದುತ್ತಿದ್ದಳು, ಅವನು ಹೇಳಿದ್ದರಲ್ಲಿ ಒಂದು ಮಾತೂ ಹೆಚ್ಚುಕಮ್ಮಿ ಇಲ್ಲವೆಂದು ನೋಡುತ್ತಿದ್ದಳು. ಹೋದ ವಾರವಾಗಿದ್ದರೆ ಅವನ ಬಾಯಿಂದ ಬಂದದ್ದೇ ಅವಳಿಗೆ ಸಾಕಾಗುತ್ತಿತ್ತು. ಆ ಪುಸ್ತಕದ ಮೇಲೆ ಬಗ್ಗಿದ ಅವಳ ತಲೆಯನ್ನು ನೋಡುತ್ತ ಸಂಘಪಾಲ ಕಾದು ಕೂತ. ಹದಿನೈದು ವರ್ಷದಿಂದ ತನ್ನದಾಗಿದ್ದ ಆ ಪುಸ್ತಕದ ಮೇಲೇ ಅವನಿಗೆ ಹೊಟ್ಟೆಕಿಚ್ಚು ಬಂತು.

"ಸರಿ ಅದ," ಅಂದಳು ಸುಮೇಧಾ. "ಮುಂದಿಂದು ಹೇಳ್ರಿ."